ನಾಲ್ಕು ಹೆಸರಿಗೆ ಜಾಗವಿಟ್ಟ ಜಾಹೀರಾತು

ಕಲಬುರಗಿಯ ಹಾಸ್ಟೆಲೊಂದರ ಮಾಳಿಗೆ. ಶಹಾಬಾದ್ ಕಲ್ಲಿನ ಮೇಲೆ ನಾಲ್ವರು ಹುಡುಗರು ಅಂಗಿ ಕುಕ್ಕಿ ಒಗೆಯುತ್ತಿದ್ದಾರೆ. ಹಿನ್ನೆಲೆಯಲ್ಲಿ ನಿರ್ಮಾ ಪುಡಿಯ ಹಳೆಯ ಹಾಡು. ಹೇಮಾ, ರೇಖಾ ಎಂದು ಹೆಸರುಗಳು ಬರುವ ಕಡೆ ಮಾತ್ರ ಮೂಲದ ದನಿಯನ್ನು ಅಳಿಸಿ ಹುಡುಗರೇ ಕೂಗುತ್ತಾರೆ: ‘ಮಲ್ಲೂ, ಶರಣೂ, ಭೀಮೂ, ರಾಜೂ!’ ಕೊನೆಯವನು ಬನಿಯನ್ ಹಿಂಡಿ ಕ್ಯಾಮೆರಾದ ಮುಖಕ್ಕೇ ಕೊಡವುತ್ತಾನೆ.

ಈ ವಿಡಿಯೊ ನನಗೆ ಇಷ್ಟವಾಯಿತು. ಅದರ ಜೊತೆಗೆ ಬಂದ ಒಕ್ಕಣೆ ಇಷ್ಟವಾಗಲಿಲ್ಲ. ‘ಆ ಕಾಲದ ಜಾಹೀರಾತುಗಳಲ್ಲಿ ಮಿದುಳನ್ನು ವಶ ಮಾಡಿಕೊಳ್ಳುವ ಗುಪ್ತ ತರಂಗ ಸೇರಿಸುತ್ತಿದ್ದರು, ಅದಕ್ಕೇ ಮರೆಯಲಾಗದು’ ಎಂದು ಅದರಲ್ಲಿ ಬರೆದಿತ್ತು. ಓದು ಬಲ್ಲವರೇ ಇಂಥದ್ದನ್ನು ನಂಬಿ ಹತ್ತು ಜನರಿಗೆ ಕಳಿಸುತ್ತಾರೆ. ಈ ನಂಬಿಕೆಗೆ ಒಬ್ಬ ಪೂರ್ವಜನಿದ್ದಾನೆ. 1957ರಲ್ಲಿ ಅಮೆರಿಕದ ಜೇಮ್ಸ್ ವೈಕರಿ ಎಂಬಾತ, ಸಿನಿಮಾ ಪರದೆಯ ಮೇಲೆ ಕಣ್ಣಿಗೆ ನಿಲುಕದಷ್ಟು ಕ್ಷಣಿಕವಾಗಿ ಸಂದೇಶ ಮಿನುಗಿಸಿ ಕೋಕಾಕೋಲಾ ಮಾರಾಟ ಏರಿಸಿದೆನೆಂದು ಸಾರಿದ. ಅದು ಬರೀ ಪ್ರಚಾರದ ತಂತ್ರವಾಗಿತ್ತೆಂದು 1962ರಲ್ಲಿ ತಾನೇ ಒಪ್ಪಿಕೊಂಡ. ಸುಳ್ಳು ಮಾತ್ರ ಇನ್ನೂ ಊರೂರು ಸುತ್ತುತ್ತಿದೆ.

ಈ ಹಾಡಿನಲ್ಲಿ ಗುಪ್ತವಾದದ್ದು ಏನೂ ಇಲ್ಲ. ಕಿವಿಗೆ ನೇರವಾಗಿ ಕೇಳುವುದರಲ್ಲೇ ಸೋಜಿಗವಿದೆ. ಮಾತ್ರೆ ಎಣಿಸಿ ನೋಡಿ: ಲಘುವಿಗೆ ಒಂದು, ಗುರುವಿಗೆ ಎರಡು. ಹೇಮಾ: ಗುರು, ಗುರು, ನಾಲ್ಕು ಮಾತ್ರೆ. ರೇಖಾ: ಮತ್ತೆ ನಾಲ್ಕು. ನಮ್ಮ ಕಡೆ ಮಲ್ಲಿಕಾರ್ಜುನ, ಶರಣಬಸಪ್ಪ, ಭೀಮಾಶಂಕರ ಎಂದು ಹೆಸರಿಟ್ಟರೂ ಗೆಳೆಯರು ಕೂಗುವಾಗ ಮೊಟಕು ಮಾಡಿ ಕೊನೆಯ ಸ್ವರ ಎಳೆಯುತ್ತಾರೆ. ಮಲ್ಲೂ ಎಂದರೆ ಎರಡು ಗುರು. ಶರಣೂ ಎಂದರೆ ಎರಡು ಲಘು, ಒಂದು ಗುರು. ಯಾವುದನ್ನು ಎಣಿಸಿದರೂ ನಾಲ್ಕೇ. ಗಣ ಕೆಡದೆ, ತಾಳ ತಪ್ಪದೆ ಹೆಸರು ಬದಲಾಗುತ್ತದೆ. ತೊಟ್ಟಿಲ ಕಾರ್ಯದಲ್ಲಿ ಜೋಗುಳಕ್ಕೆ ಕೂಸಿನ ಹೆಸರು ಸೇರಿಸುವ ಹೆಂಗಸರು ಮಾಡುವುದೂ ಇದನ್ನೇ: ಧಾಟಿ ಊರಿನದು, ಹೆಸರು ಮನೆಯದು.

ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ 1976ರಲ್ಲಿ ‘ಮೀಮ್’ (ಒಬ್ಬರಿಂದ ಒಬ್ಬರಿಗೆ ನಕಲಾಗುತ್ತ ಹರಡುವ ಸಂಗತಿ) ಎಂಬ ಕಲ್ಪನೆಯನ್ನು ಮುಂದಿಟ್ಟಾಗ ಕೊಟ್ಟ ಉದಾಹರಣೆಗಳಲ್ಲಿ ಮೊದಲನೆಯದು ಹಾಡಿನ ಧಾಟಿ. ನಕಲಾಗುತ್ತ ಹೋಗುವ ವಸ್ತು ಒಂದಿಷ್ಟನ್ನು ಉಳಿಸಿಕೊಳ್ಳಬೇಕು, ಒಂದಿಷ್ಟನ್ನು ಬದಲಿಸಲು ಬಿಡಬೇಕು. ಇಡಿಯಾಗಿ ಬದಲಾದರೆ ಯಾರಿಗೂ ಗುರುತು ಸಿಗದು. ಏನೂ ಬದಲಾಗದಿದ್ದರೆ ಹಂಚಿಕೊಳ್ಳುವವರಿಗೆ ಅದರಲ್ಲಿ ತಮ್ಮದೆನ್ನುವುದು ಇರದು. ನಿರ್ಮಾ ಹಾಡಿನಲ್ಲಿ ಬದಲಿಸುವ ಜಾಗ ತಾನಾಗಿಯೇ ಸಿದ್ಧವಾಗಿತ್ತು.

ಇನ್ನು ಕೇಳುವವರ ತಲೆಯೊಳಗೆ ನಡೆಯುವುದು. 2005ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಸಂಶೋಧಕರು ಹಾಡುಗಳ ನಡುನಡುವೆ ಕೆಲವು ಸೆಕೆಂಡು ಸದ್ದು ಅಳಿಸಿ, ಸ್ಕ್ಯಾನರಿನಲ್ಲಿ ಮಲಗಿದವರಿಗೆ ಕೇಳಿಸಿದರು. ಹಾಡು ಪರಿಚಿತವಾಗಿದ್ದರೆ ಆ ಮೌನದಲ್ಲೂ ಮಿದುಳಿನ ಶ್ರವಣ ಪ್ರದೇಶ ಕೆಲಸ ಮುಂದುವರಿಸಿತ್ತು. ಅಪರಿಚಿತ ಹಾಡಿನಲ್ಲಿ ಅಷ್ಟು ಚಟುವಟಿಕೆ ಕಾಣಲಿಲ್ಲ. ಅಂದರೆ ಗೊತ್ತಿರುವ ಹಾಡನ್ನು ನಾವು ಕೇಳುತ್ತ ಹೋಗುವುದಷ್ಟೇ ಅಲ್ಲ, ಮುಂದಿನ ಸ್ವರವನ್ನು ಒಳಗೇ ಹಾಡಿಕೊಂಡು ಕಾಯುತ್ತಿರುತ್ತೇವೆ. ಐವತ್ತು ದಾಟಿದವರ ಒಳಗಿವಿ ‘ಹೇಮಾ’ ಎನ್ನುವ ಹೊತ್ತಿಗೆ ಹೊರಗಿವಿಗೆ ‘ಮಲ್ಲೂ’ ಬಿದ್ದರೆ ಎರಡೂ ಒಟ್ಟಿಗೆ ಕೇಳುತ್ತವೆ. ಆ ಡಿಕ್ಕಿಯಲ್ಲೇ ನಗು ಹುಟ್ಟುತ್ತದೆ.

ನಗುವಿನ ಬೆನ್ನಿಗೆ ಕಣ್ಣು ತೇವವಾಗುವುದೇಕೆ? 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಬಾಸೆಲ್ ನಗರದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಊರಿನ ಹಂಬಲವನ್ನು ಒಂದು ಕಾಯಿಲೆಯೆಂದೇ ವರ್ಣಿಸಿದ. ಪರದೇಶದ ಸೇನೆಗಳಲ್ಲಿದ್ದ ಸ್ವಿಸ್ ಸೈನಿಕರಿಗೆ ತಮ್ಮ ದನಗಾಹಿಗಳ ಧಾಟಿ ಕೇಳಿಸಿದರೆ ಸಾಕು, ಅಳುತ್ತಿದ್ದರು, ಸೇನೆ ಬಿಟ್ಟು ಓಡುತ್ತಿದ್ದರು, ಹಾಗಾಗಿ ಅದನ್ನು ನುಡಿಸುವುದಕ್ಕೇ ನಿಷೇಧವಿತ್ತು ಎಂದು ಚಿಂತಕ ರೂಸೋ ತನ್ನ ಸಂಗೀತ ನಿಘಂಟಿನಲ್ಲಿ ಬರೆದಿದ್ದಾನೆ. ಆ ನಿಘಂಟು 1768ರದು. ಅಲ್ಲೇ ಆತ ಹೇಳಿದ ಮುಂದಿನ ಮಾತು ನನಗೆ ಮುಖ್ಯ: ಬೇರೆ ದೇಶದವರ ಮೇಲೆ ಆ ಧಾಟಿಗೆ ಯಾವ ಪ್ರಭಾವವೂ ಇಲ್ಲ. ಅದರ ಶಕ್ತಿ ಸ್ವರಗಳಲ್ಲಿಲ್ಲ, ಕೇಳುವವನ ನೆನಪಿನಲ್ಲಿದೆ. ‘ಹಳೆಯ ಜಾಹೀರಾತುಗಳಲ್ಲಿ ಜೀವವಿತ್ತು, ಈಗಿನವುಗಳಲ್ಲಿ ಇಲ್ಲ’ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಆ ನೆನಪು ಇಷ್ಟು ಜನರಿಗೆ ಒಂದೇ ಆಗಿರುವುದಕ್ಕೂ ಕಾರಣವಿದೆ. ಟಿ.ವಿ. ಈ ಸೀಮೆಗೆ ಬೆಂಗಳೂರಿಗಿಂತ ಮೊದಲೇ ಬಂತು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ಪ್ರಯೋಗಕ್ಕೆ ದೇಶದ ಸುಮಾರು 2400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದಲ್ಲಿ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೋಳಿ ಗೂಡಿಗೆ ಹಾಕುವ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ, ಊರಿಗೆಲ್ಲ ಒಂದೇ ಪೆಟ್ಟಿಗೆ, ಬೆಳಿಗ್ಗೆ ಶಾಲಾ ಮಕ್ಕಳಿಗೆ ಇಪ್ಪತ್ತೆರಡೂವರೆ ನಿಮಿಷದ ಕಾರ್ಯಕ್ರಮ. ಅದರಲ್ಲಿ ಜಾಹೀರಾತು ಇರಲಿಲ್ಲ. ಅಹಮದಾಬಾದಿನಲ್ಲಿ ಕರ್ಸನ್‌ಭಾಯಿ ಪಟೇಲ್ 1969ರಿಂದ ಸೈಕಲ್ಲಿನಲ್ಲಿ ಮನೆಮನೆಗೆ ಒಯ್ದು ಮಾರುತ್ತಿದ್ದ ಪುಡಿಯ ಹಾಡು 1975ರಲ್ಲಿ ರೇಡಿಯೊ ಏರಿತು, 1982ರಲ್ಲಿ ಟಿ.ವಿ.ಗೆ ಬಂತು. ಆಗ ಇದ್ದದ್ದು ದೂರದರ್ಶನ ಒಂದೇ. ಹಾಡು ಬೇಡವೆಂದರೆ ಎದ್ದು ಹೋಗಬೇಕಿತ್ತು, ಎದ್ದು ಹೋದರೆ ಕುಳಿತ ಜಾಗ ಹೋಗುತ್ತಿತ್ತು. ಹಿಂದಿ ಬಾರದ ಮಕ್ಕಳೂ ಪದ ಬಿಡದೆ ಬಾಯಿಪಾಠ ಮಾಡಿದರು. ಪದೇ ಪದೇ ಎದುರಾದದ್ದೇ ಹಿತವೆನಿಸತೊಡಗುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಝಾಯನ್ಸ್ 1968ರಲ್ಲೇ ತೋರಿಸಿದ್ದ.

ಬೀದರಿನಲ್ಲಿ ಏಳನೆಯ ತರಗತಿ ಓದುವ ನನ್ನ ತಂಗಿಯ ಮಗಳಿಗೆ ಈ ಧಾಟಿ ಗೊತ್ತಿರುವುದು ಮೊಬೈಲಿನಿಂದ. ಅವಳಿಗೆ ಮೂಲ ಜಾಹೀರಾತನ್ನು ತೋರಿಸಿದಾಗ, ‘ಮಾಮಾ, ಇವರು ಹೆಸರು ತಪ್ಪಾಗಿ ಹೇಳುತ್ತಿದ್ದಾರೆ’ ಎಂದಳು. ಅವಳ ಮಿದುಳು ಕಾಯುತ್ತಿದ್ದದ್ದು ಅವಳ ತರಗತಿಯ ನಾಲ್ವರು ಗೆಳತಿಯರ ಹೆಸರಿಗಾಗಿ.