ನೆಕ್ ಸ್ಪ್ಲಿಟ್: ತೋಟಾದ ಕತ್ತು ಯಾಕೆ ಸೀಳುತ್ತದೆ?

ಮಣ್ಣಿನ ಗಡಿಗೆ ಕೊಳ್ಳುವಾಗ ಬೆರಳು ಮಡಚಿ ತಟ್ಟಿ ನೋಡುತ್ತೇವೆ, ಅಲ್ವಾ? ಅಮೆರಿಕದಲ್ಲಿ ಹವ್ಯಾಸಕ್ಕೆ ತೋಟಾ ರೀಲೋಡ್ ಮಾಡುವವರೂ, ಅಂದರೆ ಹಾರಿಸಿದ ತೋಟಾದ ಖಾಲಿ ಕೋಶಕ್ಕೆ ಮತ್ತೆ ಮದ್ದು, ಗುಂಡು ತುಂಬಿ ಬಳಸುವವರೂ, ಹೆಚ್ಚುಕಡಿಮೆ ಇದನ್ನೇ ಮಾಡುತ್ತಾರೆ. ಖಾಲಿ ಹಿತ್ತಾಳೆ ಕೋಶಗಳನ್ನು, ಅಂದರೆ ಕೇಸುಗಳನ್ನು, ಬೊಗಸೆಯಲ್ಲಿ ಹಾಕಿ ಕುಲುಕುತ್ತಾರೆ. ಎಲ್ಲ ಸರಿಯಿದ್ದರೆ ಕಿಣಿಕಿಣಿ ಅನ್ನುತ್ತದೆ. ಒಂದು ಸೀಳಿದ್ದರೂ ಆ ಕಿಣಿಕಿಣಿಯ ನಡುವೆ ಒಡಕು ದನಿ ಕೇಳುತ್ತದೆ. ತೆಗೆದು ನೋಡಿದರೆ ಬಾಯಿಯಿಂದ ಕೆಳಕ್ಕೆ ಕೂದಲೆಳೆಯಂಥ ಗೆರೆ, ಉಗುರು ಆಡಿಸಿದರೆ ತಡೆಯುತ್ತದೆ. ಅದೇ ನೆಕ್ ಸ್ಪ್ಲಿಟ್.

ನೆಕ್ ಅಂದರೆ ಕೇಸಿನ ಕತ್ತು. ರೈಫಲ್ ತೋಟಾದ ಕೇಸು ಸಣ್ಣ ಬಾಟಲಿಯ ಹಾಗಿರುತ್ತದೆ: ತಳದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಕೇಪು, ಹೊಟ್ಟೆಯಲ್ಲಿ ಮದ್ದು, ಕತ್ತಿನಲ್ಲಿ ಬಿಗಿಯಾಗಿ ಕೂತ ಗುಂಡು. ಕೇಸಿನ ತಳ ದಪ್ಪ. ಕತ್ತಿನ ಗೋಡೆ ಮಾತ್ರ .308 ಅನ್ನುವ ಅಳತೆಯ ರೈಫಲ್ ತೋಟಾದಲ್ಲಿ 0.4 ಮಿ.ಮೀ. ಆಸುಪಾಸು, ಅಷ್ಟೇ.

ಈ ತೆಳು ಕತ್ತಿಗೆ ಎಷ್ಟು ಕೆಲಸ ನೋಡಿ. ಗುಂಡು ಹಾರಿಸಿದಾಗ ಅನಿಲದ ಒತ್ತಡಕ್ಕೆ ಅದು ಉಬ್ಬಿ ಚೇಂಬರಿನ (ಬಂದೂಕಿನಲ್ಲಿ ತೋಟಾ ಕೂರುವ ಗೂಡು) ಗೋಡೆಗೆ ಅಂಟುತ್ತದೆ. ಆಮೇಲೆ ಮನೆಯ ಗ್ಯಾರೇಜಿನಲ್ಲಿ ಅದನ್ನು ಡೈ ಅನ್ನುವ ಗಟ್ಟಿ ಅಚ್ಚಿನ ಒಳಗೆ ಒತ್ತಿ ಕಿರಿದು ಮಾಡುತ್ತಾರೆ, ಬೇಕಾದ್ದಕ್ಕಿಂತ ತುಸು ಜಾಸ್ತಿಯೇ. ಮತ್ತೆ ಒಳಗಿಂದ ಒಂದು ಉಕ್ಕಿನ ಉಂಡೆಯನ್ನು ಎಳೆದು ಅಗಲ ಮಾಡುತ್ತಾರೆ. ಕೊನೆಗೆ ಹೊಸ ಗುಂಡು ಕೂರಿಸುವಾಗ ಇನ್ನಷ್ಟು ಹಿಗ್ಗುತ್ತದೆ. ಇದು ಒಂದೇ ಸುತ್ತು. ಇಂಥವು ಹಲವು ನಡೆಯುತ್ತವೆ.

ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋಗಿ. ಮೊದಲು ಸಲೀಸಾಗಿ ಬಾಗುತ್ತದೆ, ಬರಬರುತ್ತಾ ಆ ಜಾಗ ಮೊಂಡು ಬೀಳುತ್ತದೆ, ಆಮೇಲೆ ಪಟ್ ಅಂತ ಮುರಿಯುತ್ತದೆ. ತೋಟಾದ ಹಿತ್ತಾಳೆಯೂ (70 ಭಾಗ ತಾಮ್ರ, 30 ಭಾಗ ಸತು) ಹಾಗೆಯೇ. ಕಾಯಿಸದೆ ಹಿಸುಕಿದಷ್ಟೂ ಗಡುಸಾಗುತ್ತದೆ, ಹಿಗ್ಗುವ ಗುಣ ಹೋಗುತ್ತದೆ. ಇದಕ್ಕೆ ವರ್ಕ್ ಹಾರ್ಡನಿಂಗ್ ಅನ್ನುತ್ತಾರೆ. ಕತ್ತು ಸೀಳಿದರೆ "ಮದ್ದು ಜಾಸ್ತಿ ಆಯ್ತೇನೋ" ಅಂತ ಅದನ್ನೇ ದೂರುವವರಿದ್ದಾರೆ, ಆದರೆ ನನ್ನ ಪ್ರಕಾರ ಮೊದಲು ಅನುಮಾನ ಪಡಬೇಕಾದ್ದು ಡೈ ಮೇಲೆ, ಯಾಕೆಂದರೆ ಅಷ್ಟು ಕಿರಿದು ಮಾಡಿ ಅಷ್ಟೇ ಹಿಗ್ಗಿಸುವ ವ್ಯರ್ಥ ಕಸರತ್ತು ನಡೆಯುವುದು ಅಲ್ಲೇ.

ಪರಿಹಾರ ಹಳೆಯದು, ನಮ್ಮ ಪಾತ್ರೆ ಬಡಿಯುವವರಿಗೂ ಗೊತ್ತಿದ್ದದ್ದು: ಬಡಿದು ಗಡುಸಾದರೆ ಕಾಯಿಸು, ಮೆತ್ತಗಾದ ಮೇಲೆ ಮತ್ತೆ ಬಡಿ. ರೀಲೋಡ್ ಮಾಡುವವರು ಇದನ್ನೇ ಅನೀಲಿಂಗ್ ಅನ್ನುತ್ತಾರೆ. ಕತ್ತು, ಅದರ ಕೆಳಗಿನ ಇಳಿಜಾರು ಭುಜ ಇಷ್ಟನ್ನೇ ಕೆಲವು ಸೆಕೆಂಡ್ ಉರಿಗೆ ಹಿಡಿಯುತ್ತಾರೆ. ತಳಕ್ಕೆ ಮಾತ್ರ ಬಿಸಿ ತಾಗಕೂಡದು. ಸಾವಿರಾರು ಪಿಎಸ್‌ಐ ಒತ್ತಡವನ್ನು ತಡೆಯುವುದು ಆ ಗಡುಸು ತಳವೇ, ಅದು ಮೆತ್ತಗಾದರೆ ಅಪಾಯ ಶೂಟರನ ಮುಖಕ್ಕೇ. ಹಿಂದೆ ಕೇಸುಗಳನ್ನು ತಟ್ಟೆಯ ನೀರಿನಲ್ಲಿ ಅರ್ಧ ಮುಳುಗುವಂತೆ ನಿಲ್ಲಿಸಿ, ಕತ್ತಿಗೆ ಬೆಂಕಿ ತೋರಿಸಿ, ಆಮೇಲೆ ಕಡ್ಡಿಯಿಂದ ಉರುಳಿಸುತ್ತಿದ್ದರು. ಬಿಸಿ ಹಿತ್ತಾಳೆ ನೀರಿಗೆ ಬಿದ್ದರೆ ಉಕ್ಕಿನ ಹಾಗೆ ಗಟ್ಟಿಯಾಗುತ್ತದೆ ಅನ್ನುವುದು ಸುಳ್ಳು. ಸುಮ್ನೆ ತಣ್ಣಗಾಗುತ್ತದೆ, ಅಷ್ಟೇ. ಸೇನೆಯ ತೋಟಾಗಳ ಕತ್ತಿನ ಸುತ್ತ ಕಾಣುವ ನೀಲಿ ಛಾಯೆ ಕೊಳೆಯಲ್ಲ, ಈ ಕಾಯಿಸಿದ ಗುರುತು.

ಹಾರಿಸದೇ ಇಟ್ಟ ತೋಟಾದ ಕತ್ತೂ ಸೀಳುತ್ತದೆ, ಇದು ಇನ್ನೂ ವಿಚಿತ್ರ. ಗುಂಡು ಒಳಗೆ ಕೂತು ಕತ್ತನ್ನು ಸದಾ ಹಿಗ್ಗಿಸಿಯೇ ಇಟ್ಟಿರುತ್ತದಲ್ಲ, ಆ ಸೆಳೆತದ ಜೊತೆ ತೇವ ಮತ್ತು ಅಮೋನಿಯಾ ಸೇರಿದರೆ ಮುಗೀತು. ಇದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತ ಹೆಸರು, ಮತ್ತು ಇದರ ಕಥೆಗೆ ನಮ್ಮ ಮಳೆಗಾಲದ ನಂಟಿದೆ. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಮದ್ದುಗುಂಡು ಇಡುತ್ತಿತ್ತು. ತೆಗೆದು ನೋಡಿದರೆ ಕೇಸುಗಳು ಬಿರುಕು ಬಿಟ್ಟಿದ್ದವು. ಕಾರಣ ಕುದುರೆ ಉಚ್ಚೆಯಿಂದ ಬರುವ ಅಮೋನಿಯಾ ಅಂತ ಪಕ್ಕಾ ವಿವರಣೆ ಸಿಕ್ಕಿದ್ದು 1921ರಲ್ಲಿ! ಹಾಗಾಗಿಯೇ ಇವತ್ತಿಗೂ ಅಮೋನಿಯಾ ಇರುವ ಪಾಲಿಶ್ ಹಚ್ಚಿ ಕೇಸು ಫಳಫಳ ಮಾಡಬೇಡಿ ಅನ್ನುತ್ತಾರೆ.

ಕತ್ತು ಸೀಳಿದರೆ ದೊಡ್ಡ ಅನಾಹುತವೇನಲ್ಲ. ಅಲ್ಲಿಂದ ಒಂಚೂರು ಅನಿಲ ಸೋರುತ್ತದೆ, ಗುಂಡಿನ ಹಿಡಿತ ಸಡಿಲವಾಗುತ್ತದೆ. ನಿಜಕ್ಕೂ ಹೆದರಬೇಕಾದ್ದು ತಳದ ಹತ್ತಿರ ಸುತ್ತಲೂ ಉಂಗುರದಂತೆ ಬೀಳುವ ಬಿರುಕಿಗೆ, ಅದು ಕೇಸನ್ನೇ ಎರಡು ತುಂಡು ಮಾಡುತ್ತದೆ. (ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದೇ ಅಪರಾಧ, ಅದೂ ನೆನಪಿರಲಿ.)

ಸೀಳಿದ ಕೇಸನ್ನು ಕಾಯಿಸಿ ಉಳಿಸಲು ಆಗುವುದಿಲ್ಲ. ಬಲ್ಲವರು ಅದರ ಬಾಯನ್ನು ಇಕ್ಕಳದಿಂದ ಚಪ್ಪಟೆ ಮಾಡಿ ಗುಜರಿ ಡಬ್ಬಕ್ಕೆ ಹಾಕುತ್ತಾರೆ, ಕಣ್ತಪ್ಪಿ ಮತ್ತೆ ಒಳ್ಳೆಯವುಗಳ ಜೊತೆ ಸೇರದಿರಲಿ ಅಂತ.