ಹಳೇ ಗಡ್ಡೆಗೆ ಯಾಕೆ ಜಾಸ್ತಿ ರೇಟು?

ದಸರಾ-ದೀಪಾವಳಿ ಹೊತ್ತಿಗೆ ತರಕಾರಿ ಅಂಗಡಿಯಲ್ಲಿ ಈರುಳ್ಳಿಯ ಎರಡು ರಾಶಿ ಕಾಣುತ್ತವೆ. ಒಂದರ ಸಿಪ್ಪೆ ಗರಿಗರಿ, ಕೈಯಾಡಿಸಿದರೆ ಸರಸರ ಸದ್ದು. ಇನ್ನೊಂದರ ಸಿಪ್ಪೆ ತೆಳು, ಕುತ್ತಿಗೆ ದಪ್ಪ, ಒತ್ತಿದರೆ ಮೆತ್ತಗೆ. ಹಳೇ ಗಡ್ಡೆ, ಹೊಸ ಗಡ್ಡೆ. ಸೊಪ್ಪು, ಬೀನ್ಸ್ ಎಲ್ಲಕ್ಕೂ ತಾಜಾ ಇದ್ದಷ್ಟು ಬೆಲೆ. ಈರುಳ್ಳಿಯಲ್ಲಿ ಉಲ್ಟಾ. ಅರ್ಧ ವರ್ಷದ ಹಿಂದೆ ಕಿತ್ತಿದ್ದಕ್ಕೇ ರೇಟು ಜಾಸ್ತಿ!

ದೇಶದ ಈರುಳ್ಳಿಯಲ್ಲಿ ಸುಮಾರು 70% ಬರುವುದು ಹಿಂಗಾರಿ ಬೆಳೆಯಿಂದ. ಮಾರ್ಚ್‌ನಿಂದ ಮೇವರೆಗೆ ಕಿತ್ತು, ಬಿಸಿಲಿಗೆ ಒಣಗಿಸಿ ಕೂಡಿಡುತ್ತಾರೆ. ನಾಸಿಕ್ ಕಡೆಯದೇ ಅದರಲ್ಲಿ ದೊಡ್ಡ ಪಾಲು. ಅಕ್ಟೋಬರ್‌ವರೆಗೆ ನಾವು ತಿನ್ನುವುದು ಹೆಚ್ಚಾಗಿ ಅದನ್ನೇ. ನಮ್ಮ ಚಿತ್ರದುರ್ಗ, ಗದಗ, ಹಾವೇರಿ, ವಿಜಯಪುರದ ಉಳ್ಳಾಗಡ್ಡಿ ಬಹುಪಾಲು ಮುಂಗಾರಿನದು. ಅದು ಹೊಲದಿಂದ ಮೇಲೆ ಬರುವುದೇ ಸೆಪ್ಟೆಂಬರ್ ಆದಮೇಲೆ. ಹಳೇದು ಮುಗಿಯುತ್ತಾ ಬಂದಿರುತ್ತದೆ, ಹೊಸದು ಪೂರ್ತಿ ಬಂದಿರುವುದಿಲ್ಲ. ರೇಟು ಏರುವುದು ಈ ಸಂದಿಯಲ್ಲೇ.

ಕಿತ್ತ ಮೇಲೂ ಈರುಳ್ಳಿಗೆ ಜೀವ ಇರುತ್ತದೆ. ಉಸಿರಾಡುತ್ತದೆ, ಒಳಗಿನ ಸಕ್ಕರೆ ಕರಗಿಸುತ್ತದೆ, ನೀರು ಕಳೆದುಕೊಂಡು ತೂಕ ಇಳಿಯುತ್ತದೆ. ಮೊದಲ ಕೆಲವು ವಾರ ಅದಕ್ಕೆ ಗಾಢ ನಿದ್ದೆ, ಮೊಳಕೆ ಒಡೆಯುವುದಿಲ್ಲ. ಎಚ್ಚರ ಆಗುವುದು ಯಾವಾಗ ಅನ್ನುವುದರಲ್ಲಿ ಒಂದು ತಮಾಷೆ ಇದೆ. ಸೊನ್ನೆ ಡಿಗ್ರಿ ಹತ್ತಿರವೂ ಮೊಳಕೆ ತಡ, 25-30 ಡಿಗ್ರಿಯಲ್ಲೂ ತಡ. ಮಧ್ಯದ 10-20 ಡಿಗ್ರಿಯೇ ಅಪಾಯ. ಗಾಳಿಯಾಡುವ ಬಿದಿರಿನ ಕಣಜದಲ್ಲಿ ಬೇಸಿಗೆಯ ಗಡ್ಡೆ ತಿಂಗಳುಗಟ್ಟಲೆ ನಿಲ್ಲುವ ಗುಟ್ಟು ಇದೇ. ಹಾಗಾದರೆ ಕೋಲ್ಡ್ ಸ್ಟೋರೇಜ್ ಕಟ್ಟಿಸಿದರಾಯ್ತು, ಅಲ್ವಾ? ಅಲ್ಲಿಂದ ಹೊರಗೆ ತೆಗೆದ ಗಡ್ಡೆ ಬೆವರುತ್ತದೆ, ಬೇಗ ಮೊಳಕೆ ಒಡೆಯುತ್ತದೆ. ಕರೆಂಟ್ ಬಿಲ್ಲು ಬೇರೆ. ನಾಸಿಕ್ ಕಡೆಯ ಈರುಳ್ಳಿ ಪೇಟೆ ಲಾಸಲ್‌ಗಾಂವ್‌ನಲ್ಲಿ ಗಾಮಾ ಕಿರಣ ಹಾಯಿಸುವ ಘಟಕವೂ ಇದೆ. ಅದು ಮೊಳಕೆ ತಡೆಯುತ್ತದೆ, ಕೊಳೆ ತಡೆಯುವುದಿಲ್ಲ.

ಮಳೆಗಾಲದ ತೇವಕ್ಕೆ ಕೊಳೆಯುವುದು, ಒಣಗುವುದು, ಮೊಳೆಯುವುದು ಎಲ್ಲ ಸೇರಿ ಸಾಮಾನ್ಯ ಗೋದಾಮಿನಲ್ಲಿ ಮೂರನೇ ಒಂದು ಭಾಗ ಹೋಗುವುದು ಮಾಮೂಲಿ. ಕಿಲೋಗೆ 15 ರೂಪಾಯಿಯಂತೆ 100 ಕಿಲೋ ಇಟ್ಟಿರಿ ಅಂದುಕೊಳ್ಳಿ. ಕೊನೆಗೆ 65 ಕಿಲೋ ಉಳಿದರೆ ಅಸಲೇ ಕಿಲೋಗೆ 23 ರೂಪಾಯಿ. ಬಾಡಿಗೆ, ಬಡ್ಡಿ, ಆರಿಸುವ ಕೂಲಿ ಆಮೇಲೆ. ದುಬಾರಿಯಾದರೂ ಕೊಳ್ಳುವುದನ್ನು ನಾವು ಬಿಡುವುದಿಲ್ಲ. ಒಗ್ಗರಣೆಗೆ ಬೇಕೇ ಬೇಕು. ಹಾಗಾಗಿ ಮಾಲು ಸ್ವಲ್ಪ ಕಡಿಮೆ ಆದರೂ ರೇಟು ವಿಪರೀತ ಜಿಗಿಯುತ್ತದೆ.

ಹೊಸ ಗಡ್ಡೆಯ ಕಷ್ಟ ಬೇರೆ. ಅದರಲ್ಲಿ ನೀರು ಜಾಸ್ತಿ. ಕೀಳುವ ಹೊತ್ತಿಗೆ ಹಸ್ತ, ಚಿತ್ತಾ ಮಳೆ ಹಿಡಿದುಕೊಂಡರೆ ಒಣಗಿಸಲು ಬಿಸಿಲೂ ಇಲ್ಲ. ಕುತ್ತಿಗೆ ಒಣಗಿ ಮುಚ್ಚಿಕೊಳ್ಳದಿದ್ದರೆ ಕೊಳೆ ರೋಗ ಒಳಗೆ ಹೋಗುವುದು ಅಲ್ಲಿಂದಲೇ. ಅಂಗಡಿಯಲ್ಲಿ ಕುತ್ತಿಗೆಯನ್ನೇ ಒತ್ತಿ ನೋಡಿ. ಮೆತ್ತಗಿದ್ದರೆ ಆ ವಾರವೇ ಖರ್ಚು ಮಾಡಿ. ನಮಗೆ ಇಷ್ಟು ಸಾಕು. ರೈತನಿಗೆ ಹಾಗಲ್ಲ, ಅವನು ಕಿತ್ತ ಬೆಳೆಯನ್ನು ಕೂಡಿಡುವ ಹಾಗೇ ಇಲ್ಲ. ಯಶವಂತಪುರ ಮಾರ್ಕೆಟ್ಟಿಗೆ ಲಾರಿ ಹೋದ ದಿನ ಏನು ರೇಟೋ ಅದೇ ರೇಟು.

ಸರ್ಕಾರದ ಆದೇಶಗಳೂ ಇದೇ ಹೊತ್ತಿಗೆ ಬರುತ್ತವೆ. ರಫ್ತು ನಿಷೇಧ 2019ರ ಸೆಪ್ಟೆಂಬರ್ 29ಕ್ಕೆ, ಮತ್ತೆ 2020ರ ಸೆಪ್ಟೆಂಬರ್ 14ಕ್ಕೆ. 2023ರ ಆಗಸ್ಟ್‌ನಲ್ಲಿ 40% ರಫ್ತು ಸುಂಕ. ಪೇಟೆಯ ಗ್ರಾಹಕನ ಲೆಕ್ಕಕ್ಕೆ ಇದು ಸರಿ ಇರಬಹುದು. ಆದರೆ ಪೆಟ್ಟು ತಿನ್ನುವುದು ಆಗಷ್ಟೇ ಬೆಳೆ ಕೀಳುತ್ತಿರುವವನು. ಕೋಲಾರ, ಚಿಕ್ಕಬಳ್ಳಾಪುರದ ಗುಲಾಬಿ ಈರುಳ್ಳಿಯಂತೂ ನಮ್ಮ ಅಡುಗೆಮನೆಗೆ ಬರುವುದೇ ಅಪರೂಪ, ಹಡಗು ಹತ್ತಿ ಮಲೇಷ್ಯಾ, ಸಿಂಗಪುರಕ್ಕೆ ಹೋಗುವ ಮಾಲು. 2020ರ ನಿಷೇಧ ಅದನ್ನೂ ಕಟ್ಟಿಹಾಕಿತು. 10,000 ಟನ್ ಕಳಿಸಲು ಅನುಮತಿ ಸಿಕ್ಕಿದ್ದು ಅಕ್ಟೋಬರ್‌ನಲ್ಲಿ.