ಡಿಸ್ಕ್ ಕನ್ವರ್ಟ್ ಆಯ್ತು, ವಿಎಂ ಯಾಕೆ ಬೂಟ್ ಆಗ್ತಿಲ್ಲ?

ವಿಎಂಗಳನ್ನು (ವರ್ಚುವಲ್ ಮೆಷಿನ್, ಅಂದರೆ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರ್) ವಿಎಂವೇರ್‌ನಿಂದ ಲಿನಕ್ಸ್‌ನ ಕೆವಿಎಂಗೆ ಸಾಗಿಸುವವರು ಹೆಚ್ಚಾಗಿ ಕೇಳುವುದು ಇದನ್ನೇ: "ವಿಎಂಡಿಕೆ (ವಿಎಂವೇರ್‌ನ ಡಿಸ್ಕ್) ಫೈಲ್ ಕ್ಯೂಕೌ2 (ಕೆವಿಎಂನ ಡಿಸ್ಕ್) ಆಗಿದೆ, ಎರರ್ ಏನೂ ಬರಲಿಲ್ಲ. ಆದರೂ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಡುತ್ತೆ." ಪರದೆಯಲ್ಲಿ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂದಿದ್ದರೆ ಸುಮ್ನೆ ಮತ್ತೆ ಕನ್ವರ್ಟ್ ಮಾಡುತ್ತಾ ಕೂರಬೇಡಿ. ಡಿಸ್ಕ್ ಬಹುಪಾಲು ಚೆನ್ನಾಗಿಯೇ ಇರುತ್ತದೆ. ಹೊಸ ಕಡೆ ಇರುವ ವರ್ಟ್‌ಐಒ (ವಿಎಂಗಳಿಗೆಂದೇ ಮಾಡಿದ ವರ್ಚುವಲ್ ಸಾಧನ) ಡಿಸ್ಕ್ ಕಂಟ್ರೋಲರ್‌ಗೆ ಬೇಕಾದ ಡ್ರೈವರ್ ವಿಂಡೋಸ್ ಒಳಗೆ ಇರುವುದಿಲ್ಲ.

ಮೊದಲು ವಿಎಂ ಸೆಟ್ಟಿಂಗ್‌ನಲ್ಲಿ ಆ ಡಿಸ್ಕನ್ನು ಸಾಟಾ ಕಂಟ್ರೋಲರ್‌ಗೆ ಜೋಡಿಸಿ. ಸಾಟಾ ಡ್ರೈವರ್ ವಿಂಡೋಸ್ ಜೊತೆಗೇ ಬರುವುದರಿಂದ ಸಾಮಾನ್ಯವಾಗಿ ಬೂಟ್ ಆಗುತ್ತದೆ. ಜೊತೆಗೆ 1 ಜಿಬಿಯ ಖಾಲಿ ಡಿಸ್ಕ್ ಒಂದನ್ನು ವರ್ಟ್‌ಐಒ ಸ್ಕಸಿಗೆ ಜೋಡಿಸಿ. ವರ್ಟ್‌ಐಒ ಐಎಸ್‌ಒದಿಂದ (ಡ್ರೈವರ್‌ಗಳಿರುವ ಸಿಡಿ ಫೈಲ್) ಡ್ರೈವರ್ ಹಾಕಿ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಖಾಲಿ ಡಿಸ್ಕ್ ಕಾಣುತ್ತಾ ನೋಡಿ. ಎಷ್ಟೋ ಜನ ಈ ಖಾಲಿ ಡಿಸ್ಕ್ ಯಾಕೆ ಅಂತ ಬಿಟ್ಟುಬಿಡುತ್ತಾರೆ. ಆದರೆ ಅಂಥ ಸಾಧನ ಒಮ್ಮೆ ಕಣ್ಣಿಗೆ ಬಿದ್ದರೆ ತಾನೇ ವಿಂಡೋಸ್ ಆ ಡ್ರೈವರನ್ನು ಬೂಟ್ ಹೊತ್ತಿಗೆ ಸಿದ್ಧವಾಗಿಡುವುದು? ಕಂಡ ಮೇಲೆ ಶಟ್‌ಡೌನ್ ಮಾಡಿ, ಮೂಲ ಡಿಸ್ಕನ್ನೂ ಅದೇ ಬಗೆಯ ಕಂಟ್ರೋಲರ್‌ಗೆ ಬದಲಿಸಿ. 'ಅದೇ ಬಗೆ' ಅನ್ನೋದು ಮುಖ್ಯ. ಇನ್ನೊಂದು ಬಗೆಯಾದ ವರ್ಟ್‌ಐಒ ಬ್ಲಾಕ್‌ಗೂ ವರ್ಟ್‌ಐಒ ಸ್ಕಸಿಗೂ ಡ್ರೈವರ್ ಬೇರೆ ಬೇರೆ. ಬೂಟ್ ಆರ್ಡರ್ ಕೂಡ ಸರಿಮಾಡಿ.

ನೀಲಿ ಪರದೆಯೂ ಬರದೆ 'ಬೂಟ್ ಡಿವೈಸ್ ಇಲ್ಲ' ಅಂದರೆ ಫರ್ಮ್‌ವೇರ್ (ವಿಂಡೋಸ್‌ಗೂ ಮೊದಲು ಓಡಿ ಬೂಟ್ ಶುರು ಮಾಡುವ ಸಾಫ್ಟ್‌ವೇರ್) ನೋಡಿ. ಹಳೆಯದು ಯುಇಎಫ್‌ಐ, ಹೊಸದು ಬಯಾಸ್ ಆಗಿರಬಹುದು. ಕೆವಿಎಂ ಬದಲು ಮೈಕ್ರೋಸಾಫ್ಟ್‌ನ ಹೈಪರ್-ವಿಗೆ ಹೋಗುವುದಾದರೆ, ಅಲ್ಲಿ ವಿಎಂ ಜನರೇಷನ್ 1 ಅಂದರೆ ಬಯಾಸ್, 2 ಅಂದರೆ ಯುಇಎಫ್‌ಐ. ವಿಎಂ ಮಾಡಿದ ಮೇಲೆ ಜನರೇಷನ್ ಬದಲಿಸಲು ಬರುವುದಿಲ್ಲ.

ಲಿನಕ್ಸ್‌ನದೂ ಇದೇ ಕಥೆ. ರೆಡ್‌ಹ್ಯಾಟ್ ಬಳಗದಲ್ಲಿ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿಗೆ ಬೇಕಾದ ಡ್ರೈವರ್‌ಗಳ ಗಂಟು) ಒಳಗೆ ಹಳೆ ಹಾರ್ಡ್‌ವೇರ್‌ಗೆ ಬೇಕಾದ ಡ್ರೈವರ್ ಮಾತ್ರ ಇರುತ್ತದೆ. ಬೂಟ್ ಮೆನುವಿನ ರೆಸ್ಕ್ಯೂ ಕರ್ನಲ್‌ನಿಂದ ಬೂಟ್ ಮಾಡಿ, ಡ್ರಾಕಟ್ ಕಮಾಂಡ್ ಓಡಿಸಿ ಅದನ್ನು ಹೊಸದಾಗಿ ಕಟ್ಟಿಸಿ. ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕೆಂಬ ಪಟ್ಟಿ) ಎಸ್‌ಡಿಎ ಎಂಬ ಡಿಸ್ಕ್ ಹೆಸರು ಬರೆದಿದ್ದರೆ, ಅದು ಬದಲಾಗಬಹುದು, ಬದಲಾಗದ ಗುರುತಾದ ಯುಯುಐಡಿ ಹಾಕಿ. ನೆಟ್‌ವರ್ಕ್ ಕಾರ್ಡಿನ ಹೆಸರೂ ಬದಲಾಗಿರಬಹುದು. ಸರ್ವರ್ ಎದ್ದಿದೆ, ಪಿಂಗ್ ಮಾತ್ರ ಇಲ್ಲ ಅಂದರೆ ಮೊದಲು ಅಲ್ಲಿ ನೋಡಿ.

ವರ್ಟ್-ವಿ2ವಿ (ವಿಎಂ ಅನ್ನು ಕೆವಿಎಂಗೆ ಸಾಗಿಸುವ ಟೂಲ್) ಈ ಡ್ರೈವರ್ ಕೆಲಸವನ್ನು ಬಹುಪಾಲು ತಾನೇ ಮಾಡುತ್ತದೆ. ನಾನಂತೂ ಮೊದಲು ಅದನ್ನೇ ಹಚ್ಚುತ್ತೇನೆ. ಆದರೆ ಹಳೆ ಕಡೆ ಆಗಬೇಕಾದದ್ದನ್ನು ನಾವೇ ಮಾಡಬೇಕು, ಅಲ್ವಾ? ಸ್ನ್ಯಾಪ್‌ಶಾಟ್ (ವಿಎಂನ ಹಿಂದಿನ ಸ್ಥಿತಿಯ ದಾಖಲೆ) ಅಳಿಸಿ. ವಿಎಂವೇರ್ ಟೂಲ್ಸ್ (ವಿಎಂ ಒಳಗೆ ಹಾಕಿರುವ ವಿಎಂವೇರ್‌ನ ಸಾಫ್ಟ್‌ವೇರ್) ಅನ್ನು ಅಲ್ಲೇ ತೆಗೆಯಿರಿ, ಹೊಸ ಕಡೆ ಬಂದ ಮೇಲೆ ಅದನ್ನು ತೆಗೆಯುವುದು ಪೀಕಲಾಟ. ಐಪಿ ವಿವರ ಬರೆದಿಡಿ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಲಾಕ್) ಇದ್ದರೆ ರಿಕವರಿ ಕೀ ಕೈಯಲ್ಲಿರಲಿ. ಹಳೆ ವಿಎಂ ಅನ್ನು ಕೂಡಲೇ ಅಳಿಸಬೇಡಿ, ನೆಟ್‌ವರ್ಕ್ ಕಾರ್ಡ್ ಡಿಸ್ಕನೆಕ್ಟ್ ಮಾಡಿಡಿ. ಇಲ್ಲದಿದ್ದರೆ ಯಾರೋ ಅದನ್ನು ಆನ್ ಮಾಡಿದ ದಿನ ಒಂದೇ ಐಪಿಗೆ ಎರಡು ಸರ್ವರ್ ಉತ್ತರ ಕೊಡತೊಡಗುತ್ತವೆ.